ಗೋಡೆಯ ಪುಟ್ಟಿ ಕ್ಯಾನ್ವಾಸಿಗೆ ಸಲ್ಲದು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಚಿತ್ರಪ್ರದರ್ಶನಗಳಲ್ಲಿ ಈಗ ಉಬ್ಬುತಗ್ಗಿನ ಮೈಯಿರುವ ಅಮೂರ್ತ ಚಿತ್ರಗಳು ಹೆಚ್ಚಾಗಿ ಕಾಣುತ್ತಿವೆ. ಉಸುಕು, ಗೋಣಿತಟ್ಟು, ಕಾಗದ, ಮಣ್ಣು, ಅಕ್ರಿಲಿಕ್ ಬಣ್ಣ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕೂಡುವ ಈ ಮಿಶ್ರ ಮಾಧ್ಯಮದತ್ತ ಹೊಸಬರು ಒಲಿದಿರುವುದು ಒಳ್ಳೆಯ ಬೆಳವಣಿಗೆ. ಆದರೆ ಇಂಥ ಎಷ್ಟೋ ಚಿತ್ರಗಳು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿರುಕು ಬಿಟ್ಟು ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿವೆ. ದುಡ್ಡು ಕೊಟ್ಟು ಕೊಂಡವರಿಗೆ ಅದರಿಂದ ಆಗುವ ಬೇಸರ ಆ ಒಬ್ಬ ಕಲಾವಿದನ ಮೇಲಷ್ಟೇ ನಿಲ್ಲುವುದಿಲ್ಲ, ಅಮೂರ್ತ ಚಿತ್ರಗಳ ಮೇಲೆಯೇ ಬರುತ್ತದೆ. ದೋಷ ಇರುವುದು ಕಲ್ಪನೆಯಲ್ಲಲ್ಲ, ಬಹುಪಾಲು ಅಡಿಪಾಯದಲ್ಲಿ. ಈ ಕೆಲಸ ಮಾಡುವ ಮತ್ತು ಕಲಿಸುವ ನಾವು ಕೆಲವರು ಕೂಡಿ ಅದನ್ನು ವಿವರವಾಗಿ ಬರೆಯುತ್ತಿದ್ದೇವೆ. ಕಲಿಯುವವರಿಗೆ ಉಪಯೋಗವಾದೀತೆಂಬ ಕಾರಣಕ್ಕೆ ಪತ್ರ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೊದಲನೆಯ ತಪ್ಪು ಗೋಡೆಯ ಪುಟ್ಟಿ. ಪೇಂಟಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬಿಳಿಯಾಗಿದೆ, ಥಾಪಿಯಲ್ಲಿ ಎಳೆದರೆ ಚೆಂದದ ಗೆರೆ ಮೂಡುತ್ತದೆ. ಹಾಗಾಗಿ ಎಲ್ಲರೂ ಅದನ್ನೇ ಹಿಡಿದಿದ್ದಾರೆ. ಪುಟ್ಟಿಯೆಂದರೆ ವೈಟ್ ಸಿಮೆಂಟು, ಕಲ್ಲಿನ ಹಿಟ್ಟು, ಸ್ವಲ್ಪ ಪಾಲಿಮರು. ಅಲ್ಲಾಡದ ಗೋಡೆಯ ಮೇಲೆ ಒಂದೂವರೆ ಮಿಲಿಮೀಟರ್ ಆಸುಪಾಸಿನ ತೆಳು ಪದರವಾಗಿ ಕೂರುವುದಕ್ಕೆ ಮಾಡಿದ ವಸ್ತು ಅದು. ಎಳೆದು ಕಟ್ಟಿದ ಕ್ಯಾನ್ವಾಸು ಗೋಡೆಯಂತೆ ಸುಮ್ಮನಿರುವುದಿಲ್ಲ. ಹತ್ತಿಯ ನೂಲು ಶ್ರಾವಣದ ತೇವವನ್ನು ಹೀರುತ್ತದೆ, ಚೈತ್ರದ ಬಿಸಿಲಿಗೆ ಒಣಗುತ್ತದೆ, ಅದಕ್ಕೆ ತಕ್ಕಂತೆ ಬಟ್ಟೆ ಬಿಗಿಯುತ್ತ ಸಡಿಲುತ್ತ ಇರುತ್ತದೆ. ಬಸ್ಸಿನಲ್ಲಿ ಒಯ್ಯುವಾಗ ಯಾರದೋ ಮೊಣಕೈ ತಾಗಿದರೂ ಒಳಕ್ಕೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಸಿಮೆಂಟಿಗೆ ಬಗ್ಗಿ ಗೊತ್ತಿಲ್ಲ, ಅದು ಒಡೆಯುತ್ತದೆ. ಸಾಲದ್ದಕ್ಕೆ ಸಿಮೆಂಟು ಗಟ್ಟಿಯಾಗಲು ನೀರು ಬೇಕು. ಅಡಿಯ ಬಟ್ಟೆ ಆ ನೀರನ್ನು ಹೀರಿಕೊಂಡರೆ ಪುಟ್ಟಿ ಅರೆಬರೆ ಗಟ್ಟಿಯಾಗಿ ಬೆರಳಿಗೆ ಹಿಟ್ಟಿನಂತೆ ಹತ್ತುತ್ತದೆ. ಅದರ ಕ್ಷಾರ ಬಣ್ಣಕ್ಕೂ ವೈರಿ. ಪ್ರಶಿಯನ್ ಬ್ಲೂ ಹಸಿ ಸಿಮೆಂಟಿನ ಮೇಲೆ ನೀಲಿಯಾಗಿ ಉಳಿಯದೆ ಕಂದುಗಟ್ಟುತ್ತದೆ.

ಸಿಮೆಂಟು ಕಲೆಗೆ ಒಗ್ಗದ ವಸ್ತುವೆಂದು ಇದರ ಅರ್ಥವಲ್ಲ. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನ ಸಿಮೆಂಟ್ ಶಿಲ್ಪಗಳನ್ನು ನೋಡಿದವರಿಗೆ ಆ ಸಂಶಯ ಬರಲಾರದು. ಅಲ್ಲಾಡದ ಬುಡ ಸಿಕ್ಕರೆ ಸಿಮೆಂಟು ನಿಲ್ಲುತ್ತದೆ, ಬಟ್ಟೆಯ ಮೇಲೆ ನಿಲ್ಲುವುದಿಲ್ಲ, ಅಷ್ಟೇ.

ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಫೆವಿಕಾಲಿಗೆ ಕಲಸಿ ಬಳಿಯುವುದು ಇನ್ನೊಂದು ರೂಢಿ. ಅದು ಹತ್ತಿಪ್ಪತ್ತು ನಿಮಿಷದಲ್ಲಿ ಬಿಗಿಯತೊಡಗುತ್ತದೆ. ಬಿಗಿದದ್ದಕ್ಕೆ ಮತ್ತೆ ನೀರು ಹಾಕಿ ಕಲಸಿದರೆ ಮೆತ್ತಗಾದಂತೆ ಕಾಣುತ್ತದೆ, ಆದರೆ ಅದರ ಹಿಡಿತ ಆಗಲೇ ಹೋಗಿರುತ್ತದೆ. ಬಣ್ಣ ಹಚ್ಚಿದ ಮೇಲೂ ಉಗುರು ತಾಗಿದ ಕಡೆಯೆಲ್ಲ ಬಿಳಿ ಪುಡಿ ಏಳುವುದು ಇದರಿಂದಲೇ.

ಹಾಗಾದರೆ ದಪ್ಪ ಮೈಯ ಚಿತ್ರಕ್ಕೆ ಬುಡ ಯಾವುದು? ಹಲಗೆ. ಎರಡಡಿ-ಮೂರಡಿ ಅಳತೆಗೆ 12 ಮಿ.ಮೀ. ಪ್ಲೈವುಡ್ ಸಾಕು. ಹಿಂಬದಿಯಲ್ಲಿ ನಾಲ್ಕೂ ಅಂಚಿಗೆ ಮತ್ತು ನಡುವೆ ಅಡ್ಡಲಾಗಿ ಒಂದು ರೀಪು ಕೊಟ್ಟು, ಅಂಟು ಹಚ್ಚಿ ಸ್ಕ್ರೂ ಬಿಗಿಯಬೇಕು. ಬರೀ ಮೊಳೆ ಹೊಡೆದರೆ ಹಲಗೆ ಸೊಟ್ಟಗಾಗುವಾಗ ಮೊಳೆ ಎದ್ದು ಬರುತ್ತದೆ. 6 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಅಗ್ಗವೇನೋ ಹೌದು, ಆದರೆ ಅದರ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದರೆ ಇಳಿಯುವುದಿಲ್ಲ. ಅದನ್ನೇ ಬಳಸುವುದಾದರೆ ಅಂಚುಗಳಿಗೆ ಎರಡು ಸಲ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ಅಂಟುದ್ರವ) ಕುಡಿಸಬೇಕು. ಹಲಗೆ ಯಾವುದೇ ಇರಲಿ, ಮುಂದೆ ಬಳಿದಷ್ಟನ್ನು ಹಿಂದೆಯೂ ಬಳಿಯಬೇಕು. ಒಂದೇ ಬದಿಗೆ ಪ್ರೈಮರ್ ಹಚ್ಚಿದ ಹಲಗೆ ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುತ್ತದೆ, ಏಕೆಂದರೆ ಒಂದು ಮೈ ತೇವ ಎಳೆಯುತ್ತದೆ, ಇನ್ನೊಂದು ಎಳೆಯುವುದಿಲ್ಲ.

ಕ್ಯಾನ್ವಾಸಿನ ನೇಯ್ಗೆಯೇ ಬೇಕೆನ್ನುವವರು ಅದನ್ನು ಹಲಗೆಗೆ ಅಂಟಿಸಿ ಕೆಲಸ ಮಾಡಲಿ. ಅದಕ್ಕೆ ಖಾದಿ ಬಹಳ ಚೆನ್ನಾಗಿ ಒಗ್ಗುತ್ತದೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಊರಲ್ಲೇ ಇರುವಾಗ ಬಿಳಿ ಖಾದಿಗೆ ಅಲೆದಾಡಬೇಕಿಲ್ಲ. ಬಿಸಿ ನೀರಲ್ಲಿ ಒಗೆದು, ಕುಗ್ಗುವಷ್ಟು ಕುಗ್ಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಂಟಿಸಬೇಕು. ನಡುವಿನಿಂದ ಅಂಚಿನ ಕಡೆಗೆ ರೋಲರ್ ಓಡಿಸಿ ಗಾಳಿ ಹೊರಡಿಸಬೇಕು. ಆಮೇಲೆ ಗೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಕ್ರಿಲಿಕ್ ಪ್ರೈಮರ್, ಎರಡು ಮೂರು ಕೈ. ಮೊದಲನೆಯದಕ್ಕೆ ಹತ್ತರಲ್ಲಿ ಒಂದು ಪಾಲು ನೀರು, ಉಳಿದವು ದಪ್ಪಗೆ. ನಡುನಡುವೆ 220 ನಂಬರಿನ ಸ್ಯಾಂಡ್‌ಪೇಪರು. ಕನ್ನಡಿಯಂತೆ ನುಣ್ಣಗೆ ತಿಕ್ಕಬಾರದು. ಉಬ್ಬುತಗ್ಗಿಗಾಗಿ ಇದರ ಮೇಲೆ ಮೆತ್ತುವ ಪೇಸ್ಟಿಗೆ ಹಿಡಿದುಕೊಳ್ಳಲು ಸ್ವಲ್ಪ ಒರಟು ಬೇಕು.

ಪೇಸ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದೇ ಬಟ್ಟಲಿನ ಅಳತೆಯಲ್ಲಿ ಮಾರ್ಬಲ್ ಪುಡಿ ಎರಡು, ಅಕ್ರಿಲಿಕ್ ಮೀಡಿಯಂ ಒಂದು, ಗೆಸ್ಸೊ ಒಂದು. ದ್ರವಗಳನ್ನು ಮೊದಲು ಕೂಡಿಸಿ, ಪುಡಿಯನ್ನು ಸಾಣಿಗೆಯಿಂದ ಸ್ವಲ್ಪಸ್ವಲ್ಪವೇ ಉದುರಿಸುತ್ತ ನಿಧಾನಕ್ಕೆ ಕಲಸಬೇಕು. ಜೋರಾಗಿ ತಿರುವಿದರೆ ಗಾಳಿಗುಳ್ಳೆ ಸೇರಿ ಒಣಗಿದ ಮೇಲೆ ಸೂಜಿಮೊನೆಯಂಥ ತೂತು ಉಳಿಯುತ್ತವೆ. ಕಲಸಿದ್ದನ್ನು ಹತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಬಳಸಬೇಕು. ಗಟ್ಟಿಯೆನಿಸಿದರೆ ಮೀಡಿಯಂ ಸೇರಿಸಿ, ನೀರನ್ನಲ್ಲ. ಈ ಒಂದು ಮಾತನ್ನು ಪಾಲಿಸಿದರೆ ಅರ್ಧ ಬಿರುಕು ತಪ್ಪುತ್ತವೆ. ನೀರು ಆರಿಹೋದಷ್ಟು ಪೇಸ್ಟು ಕುಗ್ಗುತ್ತದೆ, ಕುಗ್ಗುವುದಕ್ಕೆ ಜಾಗ ಸಿಗದಿದ್ದಾಗ ಸೀಳುತ್ತದೆ.

ಎಷ್ಟು ಬೇಕೆಂಬ ಲೆಕ್ಕವೂ ಕಷ್ಟದ್ದಲ್ಲ. ಎರಡಡಿ-ಮೂರಡಿಯ ಹಲಗೆ ತುಂಬ ಸರಾಸರಿ 3 ಮಿ.ಮೀ. ದಪ್ಪ ಹಚ್ಚಲು ಸುಮಾರು 1.7 ಲೀಟರ್ ಪೇಸ್ಟ್ ಹಿಡಿಯುತ್ತದೆ. ಮೇಲಿನ ಪ್ರಮಾಣದಲ್ಲಿ ಕಲಸಿದರೆ ನಾಲ್ಕು ಬಟ್ಟಲು ಹಾಕಿದಲ್ಲಿ ನಾಲ್ಕು ಬಟ್ಟಲು ಪೇಸ್ಟು ಬರುವುದಿಲ್ಲ. ಪುಡಿಯ ಸಂದುಗಳಲ್ಲಿ ದ್ರವ ಇಳಿಯುವುದರಿಂದ ಕಡಿಮೆಯಾಗುತ್ತದೆ, ಸ್ವಲ್ಪ ಹೆಚ್ಚೇ ಕಲಸಿಕೊಳ್ಳಬೇಕು. ಒಣಗಿದ ಮೇಲೆ ಹಲಗೆ, ಪೇಸ್ಟು ಸೇರಿ ಏಳೆಂಟು ಕಿಲೋ ತೂಕವಾಗುತ್ತದೆ. ತೂಗುಹಾಕುವಾಗ ಇದು ನೆನಪಿರಬೇಕು. ಹಿಂದಿನ ರೀಪಿಗೇ ಎರಡು ಕೊಂಡಿ, ಗೋಡೆಯಲ್ಲಿ ಪ್ಲಗ್ ಹಾಕಿದ ಎರಡು ಹುಕ್ಕು, ನಡುವೆ ಗಟ್ಟಿ ತಂತಿ.

ಒಂದು ಪದರ 3 ಮಿ.ಮೀ. ಮೀರಬಾರದು. ಹೆಚ್ಚು ಎತ್ತರ ಬೇಕಾದರೆ ಒಂದು ದಿನ ಬಿಟ್ಟು ಮತ್ತೊಂದು ಪದರ, ಮಳೆಗಾಲದಲ್ಲಾದರೆ ಎರಡು ಮೂರು ದಿನ ಬಿಟ್ಟು. ಒಮ್ಮೆಲೇ ಬೆರಳು ದಪ್ಪ ಮೆತ್ತಿದರೆ ಮೇಲೆ ಚರ್ಮ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಒಳಗಿನದು ಆಮೇಲೆ ಕುಗ್ಗಿದಾಗ ಮೇಲಿನ ಚರ್ಮ ಹರಿಯುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಡುವುದು, ಫ್ಯಾನಿನ ಕೆಳಗಿಡುವುದು ಇದೇ ಕೇಡನ್ನು ತರುತ್ತದೆ. ಧಾರವಾಡದ ಬೇಸಿಗೆಯ ಒಣಗಾಳಿಯಲ್ಲಿ ಕಿಟಕಿ ಮುಚ್ಚಿ, ನೆರಳಲ್ಲಿ, ಹಲಗೆಯನ್ನು ಮಲಗಿಸಿಯೇ ಒಣಗಿಸಬೇಕು.

ಹೊಸ ಪೇಸ್ಟನ್ನು ಕಲಸಿದಾಗಲೆಲ್ಲ ಪರೀಕ್ಷೆ ಮಾಡಿಕೊಳ್ಳಿ. ಹಳೆಯ ಕ್ಯಾನ್ವಾಸಿನ ಒಂದು ಪಟ್ಟಿಗೆ 2 ಮಿ.ಮೀ. ಹಚ್ಚಿ ಮೂರು ದಿನ ಒಣಗಿಸಿ, ಚಹಾದ ಲೋಟದ ಸುತ್ತ ನಿಧಾನಕ್ಕೆ ಸುತ್ತಿ ನೋಡಿ. ಬಿರುಕು ಬಿಟ್ಟರೆ ಮೀಡಿಯಂ ಸಾಲದು. ಬೆರಳಲ್ಲಿ ತಿಕ್ಕಿದಾಗ ಪುಡಿ ಎದ್ದರೂ ಅದೇ ಕಾರಣ. ಮೀಡಿಯಂ ತುಟ್ಟಿಯೆಂದು ಫೆವಿಕಾಲ್ ಬಳಸುವವರಿದ್ದಾರೆ. ಹಲಗೆಯ ಮೇಲಿನ ಅಡಿಪದರಕ್ಕೆ ಅದು ನಡೆಯುತ್ತದೆ. ಆದರೆ ಮಾಮೂಲಿ ಬಿಳಿ ಫೆವಿಕಾಲ್ ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಮೇಲಿನ ಬಣ್ಣದ ನೀರಿಗೇ ಕದಡುತ್ತದೆ. ಮೇಲ್ಪದರಕ್ಕೆ ಅಕ್ರಿಲಿಕ್ಕೇ ಬೇಕು.

ಈಗ ನಮ್ಮ ನೆಲದ ವಸ್ತುಗಳ ಮಾತು. ಇದರಲ್ಲಿ ಈ ಭಾಗದವರಿಗೆ ಸಿಗುವ ಅವಕಾಶ ದೊಡ್ಡದು, ಹಾಗೆಯೇ ಎಡವುವ ಜಾಗಗಳೂ ಇಲ್ಲೇ ಹೆಚ್ಚು. ವರದಾ, ತುಂಗಭದ್ರೆಯ ದಂಡೆಯ ಉಸುಕಿನಲ್ಲಿ ರೇವೆ ಮಣ್ಣು ಸೇರಿರುತ್ತದೆ. ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಪೂರ್ತಿ ಒಣಗಿಸಿ, ಸಾಣಿಗೆಯಲ್ಲಿ ಸೋಸಿದ ಮೇಲೆಯೇ ಪೇಸ್ಟಿಗೆ ಸಮಪಾಲು ಕಲಸಬೇಕು. ಕಲ್ಲು ಪುಡಿಮಾಡಿ ತೆಗೆದ ಎಂ-ಸ್ಯಾಂಡ್ ಕಣಗಳಿಗೆ ಚೂಪು ಮೂಲೆಗಳಿರುವುದರಿಂದ ಹಿಡಿತ ಇನ್ನೂ ಗಟ್ಟಿ, ಅದರ ಹಿಟ್ಟನ್ನು ಮಾತ್ರ ತೊಳೆದು ತೆಗೆಯಬೇಕು. ಹಸಿ ಬಣ್ಣದ ಮೇಲೆ ಒಣ ಉಸುಕು ಚೆಲ್ಲಿ ಬಿಡುವವರು ಬಹಳ. ಹಾಗೆ ಚೆಲ್ಲಿದ್ದರಲ್ಲಿ ಕೆಳಗಿನ ಒಂದು ಸಾಲು ಮಾತ್ರ ಅಂಟುತ್ತದೆ, ಉಳಿದದ್ದು ಚಿತ್ರದ ಜೊತೆ ಮನೆ ತಲುಪುವುದಿಲ್ಲ.

ಎರೆ ಮಣ್ಣಿನ ಕಪ್ಪು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ನರಗುಂದ, ನವಲಗುಂದದ ಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೋಡಿದವರಿಗೆ ಅದರ ಗುಣವೂ ಗೊತ್ತು. ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಅದರಲ್ಲಿ ಹೆಚ್ಚಿರುವುದರಿಂದ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಆದ್ದರಿಂದ ಅದೇ ಪೇಸ್ಟಾಗಲಾರದು, ಬಣ್ಣವಾಗಬಹುದು. ಮಣ್ಣನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಕದಡಿ, ಒಂದೆರಡು ನಿಮಿಷ ಬಿಟ್ಟರೆ ಹರಳು ಕೆಳಗಿಳಿಯುತ್ತವೆ. ಮೇಲಿನ ರಾಡಿಯನ್ನಷ್ಟೇ ಬೇರೆ ಪಾತ್ರೆಗೆ ಬಸಿದು ಒಣಗಿಸಬೇಕು. ಒಣಗಿದ್ದನ್ನು ಹಂಚಿನ ಮೇಲೆ ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಬೂಸು ಹಿಡಿಯುವ ಭಯ ಕಡಿಮೆ. ಉರಿ ಜೋರಾದರೆ ಕಪ್ಪು ಹೋಗಿ ಕಂದು ಬರುತ್ತದೆ, ಅದೂ ಒಂದು ಬಣ್ಣವೇ. ಅರೆದ ಪುಡಿಯನ್ನು ಮಾರ್ಬಲ್ ಪುಡಿಯ ಕಾಲು ಭಾಗ ಮೀರದಂತೆ ಸೇರಿಸಬೇಕು.

ಬಿರುಕೇ ಬೇಕೆನ್ನುವವರಿಗೂ ದಾರಿಯಿದೆ. ಇಟಲಿಯ ಕಲಾವಿದ ಆಲ್ಬರ್ಟೊ ಬುರ್ರಿ 1970ರ ದಶಕದಲ್ಲಿ ಒಣಕೆರೆಯಂಥ ಬಿರುಕುಗಳನ್ನೇ ಚಿತ್ರವಾಗಿಸಿದರು. ಆದರೆ ಅವರು ಅದನ್ನು ಮಾಡಿದ್ದು ಗಟ್ಟಿ ಹಲಗೆಯ ಮೇಲೆ, ಅಂಟು ಕೂಡಿಸಿ. ನಾವೂ ಪ್ಲೈವುಡ್ಡಿಗೆ ಗೆಸ್ಸೊ ಹಚ್ಚಿ, ಸೋಸಿದ ಎರೆ ಮಣ್ಣಿಗೆ ಸ್ವಲ್ಪ ಮೀಡಿಯಂ ಸೇರಿಸಿ, 3 ಮಿ.ಮೀ. ಎರೆದು ಒಡೆಯಲು ಬಿಡಬಹುದು. ಪೂರ್ತಿ ಒಡೆದು ಒಣಗಿದ ಮೇಲೆ ಒಂದು ಪಾಲು ಮೀಡಿಯಂಗೆ ಮೂರು ಪಾಲು ನೀರು ಬೆರೆಸಿ ಪಿಚಕಾರಿಯಂಥ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಬೇಕು. ಅರ್ಧ ದಿನದ ಅಂತರದಲ್ಲಿ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಹೆಂಟೆಗಳು ತಳಕ್ಕೆ ಕಚ್ಚಿಕೊಳ್ಳುತ್ತವೆ. ಒಮ್ಮೆಲೇ ತೋಯಿಸಿದರೆ ಮಣ್ಣು ಮತ್ತೆ ಹಿಗ್ಗಿ ಬಿರುಕು ಮುಚ್ಚಿಹೋಗುತ್ತದೆ.

ಮಸಾರಿಯ ಕೆಂಪು, ಹುರಮಂಜಿನ ಕೆಂಪು ಇವು ಕಬ್ಬಿಣದ ಆಕ್ಸೈಡುಗಳು. ಬೆಳಕಿಗೆ ಮಾಸುವುದಿಲ್ಲ, ಕ್ಷಾರಕ್ಕೂ ಬಗ್ಗುವುದಿಲ್ಲ, ಅಗ್ಗ. ಇಷ್ಟು ನಂಬಿಗಸ್ತ ಬಣ್ಣ ಬಾಗಿಲಲ್ಲೇ ಇದೆ. ಮಣ್ಣನ್ನು ನಿಮ್ಮ ಅಥವಾ ಪರಿಚಯದವರ ಹೊಲದಿಂದ ತನ್ನಿ. ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿಂದ ಒಂದು ಬೊಗಸೆಯನ್ನೂ ಕೆದರಿ ತರಬಾರದು. ಅರಿಸಿನ, ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಬಣ್ಣವಾಗಿ ಬಳಸುವ ಆಸೆ ಹಾವೇರಿ ಕಡೆಯ ಹುಡುಗರಿಗೆ ಸಹಜವೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿ ಹೆಸರಾದದ್ದೇ ಕೆಂಪಿಗಾಗಿ. ಅಡುಗೆಯಲ್ಲಿ ಆ ಕೆಂಪು ಸೊಗಸು, ಗೋಡೆಯ ಮೇಲಿನ ಬೆಳಕಿಗೆ ಅದು ನಿಲ್ಲುವುದಿಲ್ಲ. ಅರಿಸಿನವಂತೂ ಕಿಟಕಿಯ ಬೆಳಕಿಗೆ ಬಹಳ ಬೇಗ ಬೆಳ್ಳಗಾಗುತ್ತದೆ. ಜೋಳ, ಕಡಲೆ, ಅಕ್ಕಿ ಅಂಟಿಸುವುದನ್ನೂ ಬಿಡಬೇಕು. ಹುಳ ಬೀಳುತ್ತವೆ, ಇಲಿ ಬರುತ್ತದೆ. ಜೋಳದ ತೆನೆಯ ಅಚ್ಚು ಬೇಕಿದ್ದರೆ ಅರೆ ಒಣಗಿದ ಪೇಸ್ಟಿನ ಮೇಲೆ, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ತೆನೆಯನ್ನು ಒತ್ತಿ ತೆಗೆದರೆ ಗುರುತು ಉಳಿಯುತ್ತದೆ, ಕಾಳು ಉಳಿಯುವುದಿಲ್ಲ.

ಗೋಣಿತಟ್ಟು ಒಳ್ಳೆಯ ವಸ್ತು. ಬುರ್ರಿಯವರು 1950ರ ದಶಕದಲ್ಲಿ ಹರಕು ಗೋಣಿಯನ್ನೇ ಹೊಲಿದು ಚಿತ್ರ ಮಾಡಿದ್ದರು. ಮಾರ್ಕೆಟ್ಟಿನ ಹಳೆ ಚೀಲದಲ್ಲಿ ಎಣ್ಣೆ, ಖಾರದ ಧೂಳು, ಹುಳದ ಔಷಧ ಏನೂ ಇರಬಹುದು. ಸೋಡಾ ಹಾಕಿದ ಬಿಸಿ ನೀರಲ್ಲಿ ಒಗೆದು ಒಣಗಿಸದೆ ಮುಟ್ಟಬೇಡಿ. ಎಣ್ಣೆ ಉಳಿದಲ್ಲಿ ಅಂಟು ಹಿಡಿಯುವುದಿಲ್ಲ. ತಟ್ಟಿನ ಎರಡೂ ಮೈಗೆ ಮೀಡಿಯಂ ಕುಡಿಸಿ ಒಣಗಿಸಿ, ಆಮೇಲೆ ದಪ್ಪ ಅಕ್ರಿಲಿಕ್ ಜೆಲ್ಲಿನಿಂದ ಅಂಟಿಸಿ, ಪ್ಲಾಸ್ಟಿಕ್ ಹಾಸಿ ಮೇಲೆ ಇಟ್ಟಿಗೆ ಹೇರಿ ಒಂದು ದಿನ ಬಿಡಬೇಕು. ಸೆಣಬಿನಲ್ಲಿ ಲಿಗ್ನಿನ್ (ಮರ, ನಾರುಗಳನ್ನು ಗಟ್ಟಿಯಾಗಿಸುವ ಅಂಶ) ಇರುವುದರಿಂದ ಬರಿ ಬಿಟ್ಟರೆ ವರ್ಷಗಳಲ್ಲಿ ಕಪ್ಪಾಗಿ ಪುಡಿಯಾಗುತ್ತದೆ. ಪತ್ರಿಕೆಯ ಕಾಗದಕ್ಕೂ ಇದೇ ಮಾತು. ಸುದ್ದಿಪುಟಗಳನ್ನು ಹರಿದು ಅಂಟಿಸಿದರೆ ಎರಡೂ ಕಡೆ ಮೀಡಿಯಂ ಹಚ್ಚಿದರೂ ಹಳದಿಯಾಗುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬಾಳಬೇಕಾದ ಚಿತ್ರಕ್ಕೆ ಹತ್ತಿಯಿಂದ ಮಾಡಿದ ಕೈಕಾಗದವೇ ಸರಿ. ಮೊಳೆ, ಜಾಳಿಗೆ, ತಂತಿ ಹೂಳುವವರು ಮೊದಲು ಅವಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಲಿ. ಇಲ್ಲದಿದ್ದರೆ ಪೇಸ್ಟಿನ ನೀರಿಗೇ ತುಕ್ಕು ಹಿಡಿದು, ಮೇಲಿನ ಬಿಳಿಯಲ್ಲಿ ಕಂದು ಕಲೆ ಏಳುತ್ತದೆ.

ಬಣ್ಣದ ಕೆಲಸ ಇದಕ್ಕೆ ಹೋಲಿಸಿದರೆ ಸರಳ. ಮಾರ್ಬಲ್ ಪೇಸ್ಟ್ ನೀರು ಹೀರುವುದರಿಂದ ಮೊದಲು ಸಮಪಾಲು ನೀರು ಬೆರೆಸಿದ ಮೀಡಿಯಂ ಒಂದು ಕೈ ಹಚ್ಚಬೇಕು. ಇಲ್ಲದಿದ್ದರೆ ಮೊದಲ ತೆಳುಬಣ್ಣ ಇಳಿದಲ್ಲೇ ಕಚ್ಚಿಕೊಂಡು ಒರೆಸಲು ಬರುವುದಿಲ್ಲ. ಆಮೇಲೆ ಕಡುಗಂದು ತೆಳುಬಣ್ಣವನ್ನು ಎಲ್ಲೆಡೆ ಹರಿಸಿ, ಎರಡು ನಿಮಿಷ ಬಿಟ್ಟು, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ತಗ್ಗಿನಲ್ಲಿ ಕಡುಬಣ್ಣ ಉಳಿದು ಉಬ್ಬು ಬೆಳಗುತ್ತದೆ. ಕೊನೆಗೆ ಒಣ ಕುಂಚದಲ್ಲಿ ತಿಳಿಬಣ್ಣವನ್ನು ಉಬ್ಬಿನ ನೆತ್ತಿಗಷ್ಟೇ ತಾಗಿಸಬೇಕು. ಪ್ರತಿ ಹಂತದಲ್ಲೂ ಟಾರ್ಚ್ ಬೆಳಕನ್ನು ಪಕ್ಕದಿಂದ ಹಿಡಿದು ನೋಡಿ. ಎದುರು ಬೆಳಕಿನಲ್ಲಿ ಉಬ್ಬುತಗ್ಗು ಸುಳ್ಳು ಹೇಳುತ್ತವೆ. ಅಕ್ರಿಲಿಕ್ಕಿನ ಮೇಲೆ ಎಣ್ಣೆಬಣ್ಣ ನಡೆಯುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಸಿಪ್ಪೆಯಾಗಿ ಏಳುತ್ತದೆ. ಇನ್ನೊಂದು ಮಾತು, ಇದು ನಮ್ಮ ಅಭಿಪ್ರಾಯ: ಹಲಗೆಯ ಪ್ರತಿ ಅಂಗುಲವನ್ನೂ ಒರಟಾಗಿಸಿದರೆ ಯಾವುದೂ ಒರಟಾಗಿ ಕಾಣುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮೈಯನ್ನು ಸಪಾಟಾಗಿ ಬಿಟ್ಟ ಚಿತ್ರದಲ್ಲೇ ಉಸುಕಿನ ಒಂದು ದಂಡೆಗೆ ಬೆಲೆ ಬರುತ್ತದೆ.

ವಾರ್ನಿಷಿಗೆ ದಪ್ಪ ಚಿತ್ರವಾದರೆ ಒಂದು ತಿಂಗಳು ಕಾಯಬೇಕು. ಮಳೆ ಹಿಡಿದ ದಿನ ಹಚ್ಚಿದರೆ ತೇವ ಸಿಕ್ಕಿಕೊಂಡು ಮಂಕು ಬಿಳುಪು ಬರುತ್ತದೆ, ಮ್ಯಾಟ್ ವಾರ್ನಿಷ್ ತಗ್ಗಿನಲ್ಲಿ ಮಡುಗಟ್ಟಿದರೂ ಹಾಗೆಯೇ. ತೆಳುವಾಗಿ ಎರಡು ಕೈ ಸಾಕು. ನಮ್ಮ ಊರುಗಳ ಧೂಳಿಗೆ ಇದನ್ನು ಬಿಡುವಂತಿಲ್ಲ, ಬರಿಮೈಯ ತಗ್ಗಿನಲ್ಲಿ ಕೂತ ಧೂಳು ಆಮೇಲೆ ಬರುವುದಿಲ್ಲ. ಒರೆಸಲು ಒದ್ದೆ ಬಟ್ಟೆ ಬೇಡ, ಮೆತ್ತನೆ ಒಣ ಕುಂಚ ಸಾಕು. ಏಪ್ರಿಲ್-ಮೇ ಸೆಕೆಯಲ್ಲಿ ಅಕ್ರಿಲಿಕ್ ಮೆತ್ತಗಾಗಿ ತಾಗಿದ್ದಕ್ಕೆ ಅಂಟುತ್ತದೆ. ಚಿತ್ರಗಳನ್ನು ಮುಖಕ್ಕೆ ಮುಖ ಹಚ್ಚಿ ಇಡಬಾರದು, ಬಬಲ್ ರ‍್ಯಾಪಿನ ಗುಳ್ಳೆ ಒಳಮುಖವಾಗಿ ಸುತ್ತಬಾರದು. ವೃತ್ತವೃತ್ತ ಗುರುತು ಬಿದ್ದರೆ ಹೋಗುವುದಿಲ್ಲ. ಮಾರ್ಬಲ್ ಪುಡಿ ಕಲಸುವಾಗ, ಪೇಸ್ಟ್ ತಿಕ್ಕುವಾಗ ಮಾಸ್ಕ್ ಕಡ್ಡಾಯ. ಉಳಿದ ಪೇಸ್ಟನ್ನು ಬಚ್ಚಲಿಗೆ ಸುರಿದರೆ ಪೈಪು ಕಟ್ಟುತ್ತದೆ, ಕಾಗದದ ಮೇಲೆ ಒಣಗಿಸಿ ಕಸಕ್ಕೆ ಹಾಕಿ.

ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಲಾಶಾಲೆ ಕಟ್ಟಿ ಬೆಳೆಸಿದ ನಾಡಿದು. ಇಲ್ಲಿ ಕಲಿಸುವವರಲ್ಲಿ, ಪ್ರದರ್ಶನ ನಡೆಸುವವರಲ್ಲಿ ನಮ್ಮ ಕೋರಿಕೆ ಮೂರು. ಸ್ಪರ್ಧೆಯ ಅರ್ಜಿಗಳಲ್ಲಿ ಕ್ಯಾನ್ವಾಸೇ ಆಗಬೇಕೆಂಬ ನಿಯಮ ಇದ್ದರೆ ತೆಗೆದು, ಹತ್ತು ಕಿಲೋವರೆಗಿನ ಹಲಗೆಯ ಚಿತ್ರಗಳಿಗೂ ಅವಕಾಶ ಕೊಡಲಿ, ಗೋಡೆಗೆ ಆ ತೂಕ ಹೊರುವ ಹುಕ್ಕು ಹಾಕಿಸಲಿ. ಅಮೂರ್ತ ಚಿತ್ರದ ಶಿಬಿರಗಳಲ್ಲಿ ಮೊದಲ ದಿನವನ್ನು ಹಲಗೆ, ಗೆಸ್ಸೊ, ಪೇಸ್ಟಿನ ಪರೀಕ್ಷೆಗೇ ಮೀಸಲಿಡಲಿ. ಒಂದೇ ದಿನದಲ್ಲಿ ಮುಗಿಸಿ ಮನೆಗೊಯ್ಯುವ ದಪ್ಪ ಚಿತ್ರ ಒಣಗಿರುವುದೇ ಇಲ್ಲ. ಮಾರಾಟಕ್ಕಿಡುವ ಪ್ರತಿ ಚಿತ್ರದ ಹಿಂದೆ ಮಾಡಿದ ತಿಂಗಳು ಮತ್ತು ವರ್ಷ, ಬುಡ ಯಾವುದು, ಪೇಸ್ಟಿನಲ್ಲಿ ಏನಿದೆ, ಯಾವ ಬಣ್ಣ, ಯಾವ ವಾರ್ನಿಷ್ ಎಂದು ಬರೆದ ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಲಿ. ಮುಂದೆ ಯಾವತ್ತಾದರೂ ಅದನ್ನು ರಿಪೇರಿ ಮಾಡಬೇಕಾದವರಿಗೆ ಆ ಚೀಟಿಯಿಲ್ಲದೆ ಕೈ ಇಡಲು ಬರುವುದಿಲ್ಲ.

ಇತಿ,
ಕೆಲವು ಚಿತ್ರಕಲಾ ಶಿಕ್ಷಕರು ಮತ್ತು ಕಲಾವಿದರು,
ಧಾರವಾಡ